ಮಳವಳ್ಳಿ ಅಂಗಡಿಯನ್ನು ಗೋಡೌನ್ ಮಾಡಿದ್ದು

ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಅಣ್ಣತಮ್ಮಂದಿರಿಬ್ಬರ ಮೂರು ಪಾತ್ರೆ ಅಂಗಡಿಗಳಿದ್ದವು. ಮೂರಕ್ಕೂ ಜಿಎಸ್‌ಟಿ ನಂಬರು ಒಂದೇ. ನೋಂದಣಿಯ ದಿನ ಇಬ್ಬರನ್ನೂ ಮಂಡ್ಯದ ನನ್ನ ತೆರಿಗೆ ಲೆಕ್ಕದ ಕಚೇರಿಯಲ್ಲಿ ಕೂರಿಸಿಕೊಂಡು, ಯಾರ ಹೆಸರಿಗೆ ಮಾಡಿಸಲಿ ಎಂದು ಕೇಳಿದ್ದೆ.

"ಯಾರ್ ಎಸ್ರಲ್ಲಿದ್ರೇನು ಸಾರ್, ಮನೇಲಿ ಒಲೆ ಒಂದೇ ತಾನೆ" ಎಂದು ಅಣ್ಣ ತಮ್ಮನ ಆಧಾರ್ ಕಾರ್ಡನ್ನು ನನ್ನ ಕಡೆ ಸರಿಸಿದ. ಮಳವಳ್ಳಿಯ ಅಂಗಡಿ ಹಾಕಿದ್ದು ಅಣ್ಣನೇ. ಅದರ ಬಾಡಿಗೆ ಕರಾರೂ ತಮ್ಮನ ಹೆಸರಿಗೇ ಆಯಿತು.

ಕೆಲವು ವರ್ಷಗಳ ಮೇಲೆ ಅಣ್ಣ ಸತ್ತ. ಹನ್ನೊಂದನೆಯ ದಿನದ ಕಾರ್ಯ ಮುಗಿದ ವಾರಕ್ಕೇ ಅವನ ಹೆಂಡತಿ ಮಳವಳ್ಳಿಯ ಗಲ್ಲಾದಲ್ಲಿ ಕೂತರು. ಪಾತ್ರೆಯ ಮೇಲೆ ಹೆಸರು ಕೊರೆಯುವ ಮಿಷನ್ನನ್ನು ತಾವೇ ಹಿಡಿದರು. ಹಲಗೂರು ಬಸ್ಸಿನಿಂದ ಇಳಿದ ಹೆಂಗಸರು ಬೇರೆ ಅಂಗಡಿಗಳನ್ನು ದಾಟಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಸಾಫ್ಟ್‌ವೇರಿನಲ್ಲಿ ಪ್ರತಿ ಅಂಗಡಿಗೂ ಬೇರೆ ಜಾಗ, ಬೇರೆ ಬಿಲ್ ಸರಣಿ ಮಾಡಿಕೊಟ್ಟಿದ್ದವನು ನಾನೇ, ಆದ್ದರಿಂದ ಕಂಡದ್ದನ್ನು ಹೇಳಬಲ್ಲೆ: ಎರಡನೆಯ ವರ್ಷ ಮಳವಳ್ಳಿ ಮದ್ದೂರನ್ನು ಹಿಂದೆ ಹಾಕಿತು. ಮೂರನೆಯ ವರ್ಷ ಮದುವೆ ಕಾಲದಲ್ಲಿ ಮಂಡ್ಯವನ್ನೂ ಹಿಂದೆ ಹಾಕಿತು.

ಆ ವರ್ಷವೇ ಆಕೆ ಅಂಗಡಿಯನ್ನು ತನ್ನ ಹೆಸರಿಗೆ ಬಿಟ್ಟುಕೊಡಿ ಎಂದು ಮೈದುನನನ್ನು ಕೇಳಿದರು. ಮೈದುನನಿಗೆ ಅದನ್ನು ತನ್ನ ಭಾಮೈದನಿಗೆ ಕೊಡಬೇಕಿತ್ತು. ಮನೆಯ ಹಿರಿಯರು ಪಂಚಾಯ್ತಿಗೆ ದಿನ ಗೊತ್ತುಮಾಡಿ, ಅಂಗಡಿ ಯಾರು ನಡೆಸಿದ್ದು ಎಂಬುದಕ್ಕೆ ದಾಖಲೆ ತನ್ನಿ ಎಂದರು.

ಮಾರನೆಯ ಬೆಳಿಗ್ಗೆ ಮೈದುನ ನನ್ನ ಕಚೇರಿಗೆ ಬಂದ.

"ಕಾಗ್ದದಲ್ಲಿ ಮಳವಳ್ಳಿನ ಗೋಡೌನ್ ಮಾಡ್ಬುಡಿ ಸಾರ್. ಬಿಲ್ಲೆಲ್ಲ ಮಂಡ್ಯಕ್ಕೆ ಆಕ್ಬುಡಿ."

ವ್ಯಾಪಾರ ಎಲ್ಲಿ ನಡೆಯುತ್ತದೋ ಬಿಲ್ಲಿನಲ್ಲಿ ಆ ಜಾಗವೇ ಇರಬೇಕು, ಇದು ತಪ್ಪು ಎಂದೆ.

"ಟ್ಯಾಕ್ಸು ಕಮ್ಮಿ ಆಯ್ತದಾ?"

"ಇಲ್ಲ. ನಂಬರು ಒಂದೇ. ಒಂದು ಪೈಸೆಯೂ ಆಚೀಚೆ ಆಗಲ್ಲ."

"ಮತ್ತೆ? ಸರ್ಕಾರುಕ್ಕೇ ಇಲ್ದಿರೋ ಒಟ್ಟೆನೋವು ನಿಮ್ಗ್ಯಾಕೆ?"

ಅವನು ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ. ತೆರಿಗೆ ಕಡಿಮೆಯಾಗದ ಕಡೆ ಯಾರೂ ಬಂದು ನೋಡುವುದಿಲ್ಲ. ಮೂರು ಅಂಗಡಿಯ ಕೆಲಸವೂ ನನ್ನ ಕೈತಪ್ಪಬಾರದಿತ್ತು. ಮಳವಳ್ಳಿ ಚಿಲ್ಲರೆ ಮಾರಾಟದ ಜಾಗವಲ್ಲ, ದಾಸ್ತಾನಿನ ಜಾಗ ಎಂದು ತಿದ್ದುಪಡಿಗೆ ಅರ್ಜಿ ಹಾಕಿದೆ. ಅಲ್ಲಿಯ ಬಿಲ್ ಸರಣಿಯನ್ನು ಮಂಡ್ಯಕ್ಕೆ ಸೇರಿಸಿದೆ. ಹಳೆಯ ಬಿಲ್ಲುಗಳ ಜಾಗವನ್ನೂ ಒಟ್ಟಿಗೇ ಬದಲಿಸಿದೆ. ಒಂದೊಂದಾಗಿ ಬದಲಿಸಬೇಕಿದ್ದರೆ ನಡುವೆ ಎಲ್ಲಾದರೂ ನಿಲ್ಲಿಸುತ್ತಿದ್ದೆನೋ ಏನೋ, ಗೊತ್ತಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲೇ ಎಲ್ಲ ಮುಗಿಯಿತು. ಮಳವಳ್ಳಿಯ ಮಾರಾಟ ಎಂದು ವರದಿ ತೆಗೆದರೆ ಖಾಲಿ ಹಾಳೆ ಬಂತು.

ಪಂಚಾಯ್ತಿ ಮಳವಳ್ಳಿಯ ಅಂಗಡಿಯಲ್ಲೇ ನಡೆಯಿತು. ನೇತುಹಾಕಿದ ಕೊಳಗಗಳ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು. ನನ್ನನ್ನೂ ಕರೆಸಿದ್ದರು. ಆಕೆ ಎಲ್ಲರಿಗೂ ಕಾಫಿ ಕೊಟ್ಟು, ಕಂಪ್ಯೂಟರನ್ನು ಹಿರಿಯರ ಕಡೆ ತಿರುಗಿಸಿ, ವರದಿ ತೆಗೆದರು. ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದರು.

ಮಳವಳ್ಳಿ ದಾಸ್ತಾನಿನ ಜಾಗ ಎಂದು ನಾನು ತೆಗೆದುಕೊಟ್ಟಿದ್ದ ಹಾಳೆಯನ್ನು ಮೈದುನ ಮುಂದಿಟ್ಟ. "ಇದು ಗೋಡೌನು. ಅತ್ತಿಗೆ ಕಾಯ್ಕಂಡಿದ್ರು, ಅಷ್ಟೇಯ."

ಆಕೆ ನನ್ನ ಕಡೆ ತಿರುಗಿದರು. "ಅಣ್ಣ, ಮಳವಳ್ಳಿ ಬಿಲ್ಲು ಬೇಗ ಕಳ್ಸಮ್ಮ ಅಂತ ತಿಂಗಳ್ ತಿಂಗಳ್ಗೂ ಫೋನ್ ಮಾಡ್ತಿದ್ದೋರು ನೀವಲ್ವಾ?"

"ದಾಖಲೆಯಲ್ಲಿ ಇರೋದು ಇಷ್ಟೇನಮ್ಮ" ಎಂದೆ.

ಹಿರಿಯರಲ್ಲಿ ದೊಡ್ಡವರು ಆಕೆಗೆ ಗಂಡನ ಕಡೆ ದೊಡ್ಡಪ್ಪ. ಆಕೆ ಅವರನ್ನೇ ಕೇಳಿದರು: "ನಿಮ್ ಮೊಮ್ಮಗಳ ಮದ್ವೆ ಪಾತ್ರೆ ಎಲ್ಲಿ ತಗಂಡ್ರಿ ದೊಡ್ಡಪ್ಪ? ಎಸ್ರು ಕೊರ್ದೋರ್ಯಾರು?"

"ನಾನ್ ಕಂಡಿದ್ದು ಬ್ಯಾಡ ಕಣಮ್ಮ. ಕಾಗ್ದ ಏನ್ ಏಳ್ತದೋ ಅದು."

"ಗೋಡೌನ್ ಕಾಯಕ್ಕೆ ನಾಯಿ ಸಾಕಿದ್ರೆ ಇಷ್ಟ್ ಮಾತಿರ್ತಿರ್ಲಿಲ್ಲ ಬುಡು" ಎಂದು ಭಾಮೈದ ಪಕ್ಕದವನಿಗೆ ಹೇಳಿದ. ಇಬ್ಬರು ನಕ್ಕರು. ನಾನು ನಗಲಿಲ್ಲ, ಎದ್ದು ಹೋಗಲೂ ಇಲ್ಲ.

ಅಷ್ಟರಲ್ಲಿ ತಾಯಿ ಮಗಳು ಇಬ್ಬರು ಗಿರಾಕಿಗಳು ಒಳಗೆ ಬಂದರು. ಕುರ್ಚಿಗಳನ್ನು ನೋಡಿ ಹಿಂಜರಿದರು. ಆಕೆ ಕರೆದು ಕೂರಿಸಿ, ಎರಡು ಬಿಂದಿಗೆ, ಒಂದು ಇಡ್ಲಿ ಪಾತ್ರೆ ತೆಗೆದುಕೊಟ್ಟರು. ಹುಡುಗಿಯ ಹೆಸರನ್ನು ಕೇಳಿ ಕೊರೆದರು. ಕೊರೆಯುವಷ್ಟು ಹೊತ್ತೂ ಮಿಷನ್ನಿನ ಸದ್ದಿನಲ್ಲಿ ಪಂಚಾಯ್ತಿ ಕಾಯುತ್ತ ಕೂತಿತ್ತು. ಬಿಲ್ಲು ಬಂತು. ಹುಡುಗಿ ಅದನ್ನು ಓದಿದಳು.

"ಇದ್ಯಾಕಕ್ಕ, ಮಂಡ್ಯ ಅಂತ ಐತೆ?"

"ಅಂಗೇ ಇರ್ಲಿ ಕಣವ್ವ. ಪಾತ್ರೆ ನಿಂದೇ."

ಅವರು ಹೋದ ಮೇಲೆ ಆಕೆ ಬೀಗದ ಕೈಗಳನ್ನು ಹಾಳೆಯ ಮೇಲಿಟ್ಟರು. ದೊಡ್ಡಪ್ಪನೇ, ಹೆಂಗಸು ಬೀದಿಗೆ ಬೀಳಬಾರದು, ಮದ್ದೂರಿನಲ್ಲಿ ಒಂದು ಕೆಲಸ ಕೊಡು ಎಂದು ಮೈದುನನಿಗೆ ಹೇಳಿದರು. ಅದನ್ನು ಎಲ್ಲರೂ ದೊಡ್ಡತನವೆಂದು ಒಪ್ಪಿಕೊಂಡರು.

ಮರುತಿಂಗಳು ಭಾಮೈದ ಮಳವಳ್ಳಿಯಲ್ಲಿ ಕೂತ. ಗೋಡೌನನ್ನು ಮತ್ತೆ ಅಂಗಡಿ ಮಾಡಲು ನಾನೇ ಅರ್ಜಿ ಹಾಕಿದೆ. ಮದ್ದೂರಿನ ಸಂಬಳದ ಪಟ್ಟಿಗೆ ಆಕೆಯ ಹೆಸರನ್ನು ಸೇರಿಸಿದವನೂ ನಾನೇ. ಕೆಲಸ ಯಾವುದೆಂದು ತುಂಬುವ ಕಡೆ 'ಹೆಲ್ಪರ್' ಎಂದು ಹಾಕಿದೆ. ಅದನ್ನು ಹಾಗೆ ಹಾಕು ಎಂದು ನನಗೆ ಯಾರೂ ಹೇಳಿರಲಿಲ್ಲ.