ಬಿಡದ ಕ್ಲಚ್

ದೇವೇಂದ್ರಪ್ಪ ಗದಗಿನ ಕಡೆಯವರು. ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷೆಯ ಕಾರ್ಯಾಗಾರವೊಂದರಲ್ಲಿ ತಾಂತ್ರಿಕ ಸಹಾಯಕರಾಗಿ ಸೇರಿ, ಮೂವತ್ತನಾಲ್ಕು ವರ್ಷ ದೆಹಲಿಯಲ್ಲೇ ಕಳೆದವರು. ಬೇರೆಯವರು ಮಾಡಿದ ಟ್ರ್ಯಾಕ್ಟರುಗಳನ್ನು ಓಡಿಸಿ, ಬಿಚ್ಚಿ, ಸವೆತ ಅಳೆದು ವರದಿ ಬರೆಯುವುದು ಅವರ ಕೆಲಸ. ನಿವೃತ್ತರಾದ ವರ್ಷ ಕಾರ್ಯಾಗಾರದ ಹಳೆಯ ಸಾಮಾನು ಹರಾಜಿಗೆ ಬಂತು. ಅದರಲ್ಲಿ ಸುಮಾರು ಐವತ್ತು ವರ್ಷದ ಕೆಂಪು ಟ್ರ್ಯಾಕ್ಟರೊಂದಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಅವರು ಓಡಿಸಿದ್ದು ಅದನ್ನೇ. ಹೆಂಡತಿ ಸುಶೀಲಮ್ಮನಿಗೂ ಹೇಳದೆ ಅದನ್ನು ಕೊಂಡುಬಿಟ್ಟರು.

ಅವರ ಮನೆ ಗ್ರೇಟರ್ ನೋಯ್ಡಾದಲ್ಲಿ, ಹನ್ನೊಂದನೇ ಮಹಡಿಯಲ್ಲಿ. ಸೊಸೈಟಿಯ ಗಾರ್ಡ್ ಟ್ರ್ಯಾಕ್ಟರನ್ನು ಗೇಟಿನೊಳಗೇ ಬಿಡಲಿಲ್ಲ. ಆರು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ ಬ್ರಹ್ಮಪಾಲ್ ಭಾಟಿ ಎಂಬ ರೈತ ತನ್ನ ಅಂಗಳದಲ್ಲಿ ಜಾಗ ಕೊಟ್ಟ. ಅದಕ್ಕೆ ಬದಲಾಗಿ ನವೆಂಬರಿನಲ್ಲಿ ಅವನ ಗೋಧಿ ಹೊಲವನ್ನು ಇದೇ ಟ್ರ್ಯಾಕ್ಟರಿನಿಂದ ಬಿತ್ತಿಕೊಡುತ್ತೇನೆಂದು ದೇವೇಂದ್ರಪ್ಪ ಒಪ್ಪಿಕೊಂಡರು.

ಅಕ್ಟೋಬರ್ ಮೊದಲಲ್ಲಿ ತೊಂದರೆ ಶುರುವಾಯಿತು. ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಬೀಳುತ್ತಿರಲಿಲ್ಲ, ಕರಕರ ಎಂದು ಹಲ್ಲು ಕಡಿಯುತ್ತಿತ್ತು. ಅವರು ಪೆಡಲಿನ ಸಡಿಲವನ್ನು ಅಳೆದು, ಒಂದಿಂಚಿಗೆ ಸರಿಮಾಡಿದರು. ಒಂದು ದಿನ ಚೆನ್ನಾಗಿ ನಡೆಯಿತು. ಮಾರನೆಯ ದಿನ ಮತ್ತೆ ಅದೇ ಕರಕರ. ಮತ್ತೆ ಸರಿಮಾಡಿದರು, ಮತ್ತೆ ಕೆಟ್ಟಿತು.

ನಾಲ್ಕನೆಯ ಸಲ ಗೇರ್ ಹೇಗೋ ಬಿತ್ತು. ಅಂಗಳ ದಾಟುವಷ್ಟರಲ್ಲಿ ನಿಲ್ಲಿಸೋಣವೆಂದು ಕ್ಲಚ್ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲಲೇ ಇಲ್ಲ. ಅವರು ಇಂಜಿನ್ ಆರಿಸುವ ಗುಂಡಿಯನ್ನು ಎಳೆಯುವ ಮೊದಲೇ ಅದು ಭಾಟಿಯ ಮನೆಯವರು ಬೇಸಗೆಯಿಂದ ಒಟ್ಟಿದ್ದ ಸಗಣಿ ಕುಳ್ಳಿನ ಬಣವೆಗೆ ನುಗ್ಗಿತು. ಅದರ ನೆರಳಲ್ಲಿ ಸೊಪ್ಪು ಬಿಡಿಸುತ್ತಿದ್ದ ಭಾಟಿಯ ತಾಯಿ ಆಗಷ್ಟೇ ನೀರು ತರಲು ಎದ್ದು ಹೋಗಿದ್ದರು. ಮುದುಕಿ ಬಂದು ಚೆಲ್ಲಾಪಿಲ್ಲಿಯಾದ ಕುಳ್ಳುಗಳನ್ನು ನೋಡಿ ಬಗ್ಗಿ ಒಂದೊಂದಾಗಿ ಆಯತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ದೇವೇಂದ್ರಪ್ಪನವರಿಗೆ.

ದಾದ್ರಿ ರಸ್ತೆಯ ಮಿಸ್ತ್ರಿ ಬಂದ. ಪೆಡಲನ್ನು ಎರಡು ಸಲ ತುಳಿದು ನೋಡಿ, ಕ್ಲಚ್ ಪ್ಲೇಟ್ ಹೋಗಿದೆ ಎಂದ. ದೇವೇಂದ್ರಪ್ಪನವರಿಗೂ ಅದೇ ಅನುಮಾನ. ಇಂಜಿನ್ನನ್ನೂ ಗೇರ್ ಪೆಟ್ಟಿಗೆಯನ್ನೂ ಬೇರೆ ಮಾಡಿ, ಟ್ರ್ಯಾಕ್ಟರನ್ನು ನಡುವಿಗೆ ಎರಡಾಗಿಸಿ, ಹೊಸ ಪ್ಲೇಟ್ ಹಾಕಿ ಮತ್ತೆ ಕೂಡಿಸಿದ. ಎರಡು ದಿನ ಹಿಡಿಯಿತು. ಮೂರನೆಯ ದಿನ ಮತ್ತೆ ಕರಕರ. ಫೋನ್ ಮಾಡಿದರೆ, ಇಷ್ಟು ಹಳೆಯ ಗಾಡಿಗೆ ಇನ್ನೇನು ಮಾಡಲಿ, ಗುಜರಿಗೆ ಹಾಕಿ ಎಂದ. ಹಳೆಯ ಪ್ಲೇಟಾದರೂ ಕೊಡು ಎಂದರೆ, ಅದನ್ನು ಆಗಲೇ ಎಸೆದಿದ್ದನಂತೆ.

ಆಮೇಲೆ ದೇವೇಂದ್ರಪ್ಪ ಯಾರನ್ನೂ ಹತ್ತಿರ ಸೇರಿಸಲಿಲ್ಲ. ಜಾಕ್, ಮರದ ದಿಮ್ಮಿ ಇಟ್ಟು ಭಾಟಿಯ ಜೊತೆ ತಾವೇ ಬಿಚ್ಚಿದರು. ಒಳಗಿನ ಬೇರಿಂಗ್ ಬದಲಿಸಿದರು. ಪ್ಲೇಟನ್ನು ಬಿಡಿಸುವ ಬೆರಳಿನಂಥ ಮೂರು ಲಿವರುಗಳ ಎತ್ತರವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದಿಸಿದರು. ಮತ್ತೆ ಕೂಡಿಸುವಾಗ ಗೇರ್ ಪೆಟ್ಟಿಗೆಯ ದಂಡ ಪ್ಲೇಟಿನ ತೂತಿಗೆ ಕೂರದೆ ಇಡೀ ದಿನ ಸತಾಯಿಸಿತು. ಸೊಂಟ ಹಿಡಿದುಕೊಂಡಿತು. ಸ್ಟಾರ್ಟ್ ಮಾಡಿ ಕ್ಲಚ್ ಒತ್ತಿದರು. ಗೇರ್ ಬೆಣ್ಣೆಯಂತೆ ಬಿತ್ತು. ಮಾರನೆಯ ದಿನ ಬೀಳಲಿಲ್ಲ.

ಮನೆಯಲ್ಲಿ ಅವರ ಜೊತೆ ಮಾತಾಡುವುದೇ ಕಷ್ಟವಾಯಿತು. ಚಹಾ ಆರಿದ್ದಕ್ಕೆ ಸಿಟ್ಟು, ಲಿಫ್ಟ್ ತಡವಾದದ್ದಕ್ಕೆ ಸಿಟ್ಟು. ಗುರುಗ್ರಾಮದಲ್ಲಿ ಕೆಲಸ ಮಾಡುವ ಮಗಳು ಹಂಸಾ ಭಾನುವಾರ ಫೋನ್ ಮಾಡಿ, "ಅಪ್ಪಾಜಿ, ಛೋಡಿಯೇ ನಾ, ಬಿಟ್ಹಾಕಿ, ಮಾರಿಬಿಡಿ ಅದನ್ನ" ಎಂದಾಗ ಫೋನನ್ನೇ ಇಟ್ಟುಬಿಟ್ಟರು. ಇತ್ತ ಬಿತ್ತನೆಯ ಹದ ಮೀರುತ್ತಿತ್ತು. ಭಾಟಿ ಮುಖ ಬೇರೆ ಕಡೆ ತಿರುಗಿಸಿಕೊಂಡು, ಪಕ್ಕದ ಹಳ್ಳಿಯ ಟ್ರ್ಯಾಕ್ಟರಿಗೆ ಹೇಳಿದ್ದೇನೆ ಎಂದ. ಅವನ ಹೊಲವನ್ನು ಇನ್ನೊಬ್ಬರ ಟ್ರ್ಯಾಕ್ಟರ್ ಬಿತ್ತುವುದನ್ನು ದೇವೇಂದ್ರಪ್ಪ ಬದುವಿನ ಮೇಲೆ ನಿಂತು ನೋಡಿದರು.

ಡಿಸೆಂಬರಿನ ಒಂದು ಬೆಳಗ್ಗೆ ಭಾಟಿ ಮದುವೆಯೊಂದಕ್ಕೆ ಹೋಗಿದ್ದ. ಪೆಡಲ್ ಒತ್ತಲು ಯಾರೂ ಇರಲಿಲ್ಲ. ಸುಶೀಲಮ್ಮ ತಾವಾಗಿಯೇ ಸ್ವೆಟರ್ ಹಾಕಿಕೊಂಡು ಹೊರಟರು. ಇಂಜಿನ್ ಆರಿಸಿದ ಟ್ರ್ಯಾಕ್ಟರ್ ಮೇಲೆ ಸೀರೆ ಸಿಕ್ಕಿಸಿಕೊಂಡು ಕೂತು, ಗಂಡ ಅಡಿಯಿಂದ ಹೇಳಿದ ಹಾಗೆ ಒತ್ತಿದರು, ಬಿಟ್ಟರು. ದೇವೇಂದ್ರಪ್ಪ ಟಾರ್ಚ್ ಹಿಡಿದು ತಪಾಸಣೆಯ ಕಿಂಡಿಯಲ್ಲಿ ಪ್ಲೇಟನ್ನೇ ನೋಡುತ್ತಿದ್ದರು.

"ರೀ, ಒತ್ತುವಾಗ ಮೊದಲು ಹಗುರ. ನಡುವೆ ಟಕ್ ಅಂತ ಏನೋ ಜಾರುತ್ತೆ. ಆಮೇಲೆ ಬಿಗಿ" ಎಂದರು ಸುಶೀಲಮ್ಮ.

"ಅದು ಸ್ಪ್ರಿಂಗು. ನಿನಗೆ ಗೊತ್ತಾಗಲ್ಲ, ಸುಮ್ಮನೆ ಒತ್ತು."

"ಕಾಲಿಗೆ ಗೊತ್ತಾಗ್ತಿದೆ. ಇಲ್ಲೇ, ಪೆಡಲಿನ ಬುಡದಲ್ಲೇ."

"ಮೂವತ್ತನಾಲ್ಕು ವರ್ಷ ನಾನು ಇದನ್ನೇ ಮಾಡಿದ್ದೇನೆ" ಎಂದು ಅವರು ಅಡಿಯಿಂದಲೇ ಗದರಿದರು.

ಸುಶೀಲಮ್ಮ ಇಳಿದು, ಬಿಸಿಲಲ್ಲಿ ಮಂಚದ ಮೇಲೆ ಕೂತಿದ್ದ ಭಾಟಿಯ ತಾಯಿಯ ಪಕ್ಕಕ್ಕೆ ಹೋಗಿ ಕೂತರು.

ದೇವೇಂದ್ರಪ್ಪ ತಣ್ಣನೆಯ ನೆಲದ ಮೇಲೆ ಒಬ್ಬರೇ ಮಲಗಿದ್ದರು. ಕೈ ಉದ್ದ ಮಾಡಿ ಪೆಡಲನ್ನು ತಾವೇ ಒತ್ತಲು ನೋಡಿದರು, ಬಲ ಸಾಲಲಿಲ್ಲ. ಬಹಳ ಹೊತ್ತಿನ ಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಪೆಡಲಿನ ತೋಳಿನಿಂದ ಅದು ತಿರುಗಿಸುವ ದಂಡದ ತುದಿಯವರೆಗೆ ಒಂದು ಗೆರೆ ಎಳೆದರು. ಕೂಗಿ ಕರೆಯಲು ಮನಸ್ಸಾಗಲಿಲ್ಲ. ಎದ್ದು ಮಂಚದ ಹತ್ತಿರ ಹೋದರು.

"ಇನ್ನೊಂದು ಸಲ ಒತ್ತು ಬಾ. ನಿಧಾನಕ್ಕೆ" ಎಂದರು.

ಸುಶೀಲಮ್ಮ ಬಂದು ಹತ್ತಿ ಕೂತು ಒತ್ತಿದರು. ತೋಳು ತಿರುಗಿತು. ದಂಡ ಅಲ್ಲೇ ನಿಂತಿತ್ತು. ಸುಣ್ಣದ ಗೆರೆ ಎರಡಾಗಿ, ನಡುವೆ ಬೆರಳಿನಷ್ಟು ಅಂತರ ಬಿತ್ತು. ಟಕ್ ಎಂದ ಮೇಲೆ ದಂಡ ಹಿಂದೆಯೇ ಅರ್ಧ ಮನಸ್ಸಿನಿಂದ ತಿರುಗಿತು.

ತೋಳನ್ನೂ ದಂಡವನ್ನೂ ಹಿಡಿದಿಡುವ, ಹೆಬ್ಬೆರಳ ಉಗುರಿನಷ್ಟಿದ್ದ ಉಕ್ಕಿನ ತುಂಡು ಸವೆದು ಮುರಿದಿತ್ತು. ಪೆಡಲ್ ಎಷ್ಟು ಒತ್ತಿದರೂ ಅದರ ಅರ್ಧ ಮಾತ್ರ ಒಳಗೆ ತಲುಪುತ್ತಿತ್ತು. ಪ್ರತಿ ಸಲ ಸರಿಮಾಡಿದಾಗ ಆ ಸಡಿಲ ಒಂದು ದಿನ ಮುಚ್ಚಿಹೋಗಿ, ಮತ್ತೆ ಸವೆದು ಬಾಯಿಬಿಡುತ್ತಿತ್ತು. ಟ್ರ್ಯಾಕ್ಟರನ್ನು ಎರಡು ಮಾಡುವ ಅಗತ್ಯವೇ ಇರಲಿಲ್ಲ. ಒಳಗೆ ಏನೂ ಕೆಟ್ಟಿರಲಿಲ್ಲ. ಮಿಸ್ತ್ರಿ ಎಸೆದ ಹಳೆಯ ಪ್ಲೇಟೂ ಚೆನ್ನಾಗಿಯೇ ಇದ್ದಿರಬೇಕು. ದೇವೇಂದ್ರಪ್ಪ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾವನ್ನು ಗೋಡೆಗೆ ಎಸೆದರು.

ಸುಶೀಲಮ್ಮ ಇಳಿದು ಬಂದರು. ಪಾನಾ ಎತ್ತಿ ತಂದುಕೊಟ್ಟರು.

ಹೊಸ ತುಂಡನ್ನು ಲೇತ್ ಅಂಗಡಿಯವನು ಚಹಾ ಕುಡಿಯುವಷ್ಟರಲ್ಲಿ ಮಾಡಿಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಗೇರ್ ಸದ್ದಿಲ್ಲದೆ ಬಿತ್ತು, ಕ್ಲಚ್ ಒತ್ತಿದ ಕಡೆ ಟ್ರ್ಯಾಕ್ಟರ್ ನಿಂತಿತು. ಒಂದು ವಾರ ಕಾದರು, ಕೆಡಲಿಲ್ಲ. ಅಷ್ಟರಲ್ಲಿ ಭಾಟಿಯ ಹೊಲದಲ್ಲಿ ಗೋಧಿ ಗೇಣುದ್ದ ಬೆಳೆದಿತ್ತು, ಅಲ್ಲಿ ಟ್ರ್ಯಾಕ್ಟರಿಗೆ ಕೆಲಸವಿರಲಿಲ್ಲ. ಬಿತ್ತಿಕೊಡದ ಬಾಕಿಗೆ ದೇವೇಂದ್ರಪ್ಪ ಟ್ರ್ಯಾಲಿ ಕಟ್ಟಿ, ದಿನಕ್ಕೆ ನಾಲ್ಕು ಸಲದಂತೆ ಭಾಟಿಯ ಗೊಬ್ಬರ ಸಾಗಿಸಿದರು. ಸೊಂಟ ಇನ್ನೂ ಪೂರ್ತಿ ಸರಿಹೋಗಿರಲಿಲ್ಲ.