ಮೊಸರಿನ ಫ್ರಿಜ್ಜಿನಲ್ಲಿ ನೆತ್ತರು

೨೦೧೧ರ ಆಷಾಢದ ಒಂದು ಮಂಗಳವಾರ, ಬೆಳಗ್ಗೆ ಆರೂವರೆ. ಹೆಬ್ಬಗೋಡಿಯಲ್ಲಿ ನಮ್ಮ ಬೀದಿಯ ಹಾಲಿನಂಗಡಿ. ಇದ್ದವರು ನಾನು, ನಮ್ಮ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಯಾದಗಿರಿ ಕಡೆಯ ಹೆಣ್ಣುಮಗಳು, ಅಂಗಡಿಯವನು, ಮತ್ತೆ ಹಾಲಿಗೆ ಬಂದ ನಾಲ್ಕೈದು ಜನ.

ಅವಳು ಬಸುರಿ, ಮೂರು ತಿಂಗಳು ತುಂಬಿತ್ತು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಗಂಡ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೊಸೂರಿನಾಚೆ ಹೋದರೆ ಬರುವುದು ವಾರಕ್ಕೊಮ್ಮೆ. ಹಾಗಾಗಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದವಳು ನಾನೇ. ಕುತ್ತಿಗೆಯ ಊತ ನೋಡಿ ಡಾಕ್ಟರಮ್ಮ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಲು ಹೇಳಿದ್ದರು. "ಅದು ಕಡಿಮೆ ಇದ್ದರೆ ಕೂಸಿನ ಮಿದುಳು ಸರಿಯಾಗಿ ಬೆಳೆಯಲ್ಲ. ತಡ ಮಾಡಬೇಡಿ" ಎಂದು ನನ್ನನ್ನೇ ನೋಡಿ ಹೇಳಿದ್ದರು.

ನಮ್ಮ ಬೀದಿಯಲ್ಲಿ ಆಗ ಒಂದು ಪದ್ಧತಿಯಿತ್ತು. ಏಳಕ್ಕೆಲ್ಲ ಫ್ಯಾಕ್ಟರಿ ಬಸ್ಸು ಬರುವುದರಿಂದ, ಜನ ಹಾಲು ತರಲು ಹೋದಾಗಲೇ ಪರೀಕ್ಷೆಗೆ ರಕ್ತವನ್ನೂ ಕೊಟ್ಟು ಬರುತ್ತಿದ್ದರು. ಅಂಗಡಿಯವನು ಎಲ್ಲೋ ಸೂಜಿ ಚುಚ್ಚುವುದನ್ನು ಕಲಿತು, ಸಿಟಿಯ ಯಾವುದೋ ಲ್ಯಾಬಿಗೆ ರಕ್ತ ಕೂಡಿಸಿ ಕಳಿಸುತ್ತಿದ್ದ. ಮುಂದೆ ಹಾಲಿನ ಕ್ರೇಟು, ಪರದೆಯ ಹಿಂದೆ ಒಂದು ಸ್ಟೂಲು. ನಮ್ಮ ಹುಡುಗಿ ಶನಿವಾರವೇ ಅಲ್ಲಿ ರಕ್ತ ಕೊಟ್ಟಿದ್ದಳು. ಸೋಮವಾರ ಸಂಜೆ, ಸ್ಯಾಂಪಲ್ ಕೆಟ್ಟುಹೋಗಿದೆ, ಮತ್ತೆ ಬರಬೇಕಂತೆ ಎಂದು ಹೇಳಿ ಕಳಿಸಿದ. ರಕ್ತ ಹೇಗೆ ಕೆಡುತ್ತದೆ ಎಂದು ಕೇಳಲೆಂದೇ ನಾನು ಜೊತೆಗೆ ಹೋದೆ.

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ತೋಳಿಗೆ ರಬ್ಬರ್ ಬಿಗಿದ. ಹಿಂದಿನ ಗಿರಾಕಿಯ ಟ್ಯೂಬು ಇಡಲು ಫ್ರಿಜ್ಜಿನ ಬಾಗಿಲು ತೆರೆದ. ಬಾಗಿಲಿನ ಒಳಬದಿಯಲ್ಲಿ ಮೊಟ್ಟೆ ಇಡುವ ಗುಂಡಿಗಳು. ಒಂದರಲ್ಲಿ ಮೊಟ್ಟೆ, ಪಕ್ಕದ್ದರಲ್ಲಿ ನೆತ್ತರಿನ ಟ್ಯೂಬು, ಮತ್ತೆ ಮೊಟ್ಟೆ. ಒಂದು ಟ್ಯೂಬಿನ ಮುಚ್ಚಳ ಸಡಿಲಾಗಿ, ಕೆಳಗಿದ್ದ ಮೊಸರಿನ ಪ್ಯಾಕೆಟ್ಟಿನ ಮೇಲೆ ಕಂದು ಕಲೆ ಒಣಗಿ ಕೂತಿತ್ತು. ಒಳಗಿನಿಂದ ಬಂದ ಗಾಳಿ ತಣ್ಣಗಿರಲಿಲ್ಲ. ಹುಳಿಯೂ ತುಕ್ಕೂ ಬೆರೆತ ನಾತ. ನಾನು ದಿನಾ ಉಣ್ಣುತ್ತಿದ್ದ ಮೊಸರು ಇದೇ ಪೆಟ್ಟಿಗೆಯದು. ಸೆರಗನ್ನು ಮೂಗಿಗೆ ಒತ್ತಿಕೊಂಡೆ.

"ಏನಪ್ಪಾ ಇದು, ಮೊಟ್ಟೆ ಜೊತೆ ರಕ್ತ!"

"ಪ್ಯಾಕೆಟ್ಟೂ ಸೀಲು, ಟ್ಯೂಬಿಗೂ ಮುಚ್ಳ. ಅವೇನ್ ಜಗಳ ಆಡಲ್ಲ ಬಿಡಿ ಅಮ್ಮ."

"ಫ್ರಿಜ್ಜು ಯಾಕೆ ಬೆಚ್ಚಗಿದೆ?"

"ರಾತ್ರಿ ಆಫ್ ಮಾಡ್ತೀನಿ. ಕರೆಂಟ್ ಬಿಲ್ ನೀವ್ ಕಟ್ತೀರಾ?"

"ಇವಳ ಶನಿವಾರದ ರಕ್ತ?"

"ಶನಿವಾರ ಬೈಕ್‌ನೋನು ಬರ್ಲಿಲ್ಲ, ಭಾನುವಾರ ರಜಾ. ಸೋಮವಾರ ತಗೊಂಡೋದ. ನಂದೇನ್ ತಪ್ಪು?"

ಹೀಗೆ ಹೇಳುತ್ತಲೇ ಅವನು ನೆಲಕ್ಕೆ ಬಿದ್ದ ಹತ್ತಿಯುಂಡೆಯನ್ನು ಎತ್ತಿ, ಉಫ್ ಎಂದು ಊದಿ, ಸ್ಪಿರಿಟ್ಟಿಗೆ ಅದ್ದಿದ. ನಾನು ಮೂವತ್ತು ವರ್ಷ ಫ್ಯಾಕ್ಟರಿಯ ಸೈರನ್ನಿಗೆ ಎದ್ದವಳು. ಕೈ ತೊಳೆಯದೆ ಕೆಲಸದ ಬೆಂಚಿಗೆ ಕೂತವರನ್ನು ಎಬ್ಬಿಸಿ ಕಳಿಸಿದವಳು. ಹುಡುಗಿಯ ತೋಳಿನ ರಬ್ಬರನ್ನು ಬಿಚ್ಚಿ ಅವನ ಮೇಜಿನ ಮೇಲೆ ಹಾಕಿದೆ.

ಅವಳೇ ಅಡ್ಡ ಬಂದಳು. "ಬಿಡ್ರೀ ಅಮ್ಮಾರ, ಚುಚ್ಚಿಸ್ಕೊಂಡ್ ಹೋಗಿಬಿಡ್ತೀನಿ. ರಜಾ ಹಾಕಿದ್ರ ಸೂಪರ್‌ವೈಸರ್ ಮಂದಿ ಮುಂದ ಮಾನ ಕಳೀತಾನ."

"ಇವನ ಕೈಲಿ ಇನ್ನೊಂದ್ ಸಲ ಕೆಟ್ರೆ? ನಿನ್ ಕೂಸು ಸೂಪರ್‌ವೈಸರ್‌ನ ಕೇಳ್ಕೊಂಡು ಬೆಳೆಯುತ್ತಾ? ಏಳು."

"ಹೋಗಿ, ದೊಡ್ಡಾಸ್ಪತ್ರೇಲಿ ಚಿನ್ನದ್ ಸೂಜೀಲಿ ಚುಚ್ತಾರೆ!" ಎಂದ ಅಂಗಡಿಯವನು.

"ಚಿನ್ನದ್ದು ಬೇಡಪ್ಪ, ತೊಳೆದ ಕೈ ಸಾಕು."

ನಾವು ಎದ್ದ ಸ್ಟೂಲಿನ ಮೇಲೆ ಆಗಲೇ ಇನ್ನೊಬ್ಬ ಬಂದು ಕೂತ. ಒಂದು ತೋಳು ಮುಂದೆ ಚಾಚಿದ್ದ, ಮತ್ತೊಂದು ಕೈಯಲ್ಲಿ ಅರ್ಧ ಲೀಟರ್ ಹಾಲು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡವನು ಅವನು. ಫ್ರಿಜ್ಜಿಗಿಂತ ಅದೇ ನನಗೆ ಹೆಚ್ಚು ಹೇಸಿಗೆ ತಂದಿತು.

ಹೊಸೂರು ರಸ್ತೆಯ ಬಸ್ಸು ಹಿಡಿದು ಡಾಕ್ಟರಮ್ಮನ ಆಸ್ಪತ್ರೆಗೇ ಹೋದೆವು. ಅಲ್ಲಿನ ನರ್ಸು ಕೈ ತೊಳೆದು, ಹೊಸ ಸೂಜಿಯನ್ನು ನಮ್ಮೆದುರೇ ಬಿಚ್ಚಿ, ರಕ್ತ ತೆಗೆದು ನೇರವಾಗಿ ಒಳಗಿನ ಲ್ಯಾಬಿಗೆ ಒಯ್ದಳು. ಸಂಜೆಯವರೆಗೆ ಬೆಂಚಿನ ಮೇಲೆ ಕಾದೆವು. ಹುಡುಗಿ ನನ್ನ ಭುಜಕ್ಕೊರಗಿ ನಿದ್ದೆ ಮಾಡಿದಳು. ಆ ವಯಸ್ಸಿಗೆ ಅಷ್ಟು ಸುಸ್ತು ಇರಬಾರದಿತ್ತು.

ರಿಪೋರ್ಟ್ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದರು. ಥೈರಾಯ್ಡ್ ಬಹಳ ಕಡಿಮೆಯಿತ್ತು. "ನಾಳೆಯಿಂದಲೇ ಮಾತ್ರೆ. ಇನ್ನೊಂದು ವಾರ ಬಿಟ್ಟು ಬಂದಿದ್ದರೆ ನಾನು ಬೈಯುತ್ತಿದ್ದೆ" ಎಂದರು. ಬೆಳಗ್ಗೆ ಖಾಲಿ ಹೊಟ್ಟೆಗೆ, ಚಹಾಕ್ಕೂ ಮೊದಲು, ಒಂದು ದಿನವೂ ತಪ್ಪದೆ ತೆಗೆದುಕೊಳ್ಳಬೇಕು.

ಚಹಾ ಕುಡಿಯದೆ ಆ ಹುಡುಗಿ ಕಣ್ಣೇ ಬಿಡುವುದಿಲ್ಲವೆಂದು ನನಗೆ ಗೊತ್ತು. ಮನೆ ಸೇರಿದ ಮೇಲೆ ಅವಳ ರೂಮಿಗೆ ಹೋದೆ. ಸ್ಟೌವಿನ ಪಕ್ಕದಲ್ಲಿದ್ದ ಚಹಾಪುಡಿಯ ಡಬ್ಬಿಯನ್ನು ಅಟ್ಟದ ಮೇಲಕ್ಕೇರಿಸಿ, ಆ ಜಾಗದಲ್ಲಿ ಮಾತ್ರೆಯ ಸ್ಟ್ರಿಪ್ಪನ್ನೂ ಒಂದು ಲೋಟ ನೀರನ್ನೂ ಇಟ್ಟು ತಟ್ಟೆ ಮುಚ್ಚಿದೆ.

"ಚಾಪುಡಿಗೂ ಟ್ರಾನ್ಸ್‌ಫರ್ ಮಾಡಿದ್ರೇನ್ರೀ ಅಮ್ಮಾರ?" ಎಂದು ನಕ್ಕಳು.

"ಹೂಂ. ಮಾತ್ರೆ ನುಂಗಿದ್ಮೇಲೆ ಸ್ಟೂಲ್ ಹಾಕ್ಕೊಂಡು ನಾನೇ ಇಳಿಸಿಕೊಡ್ತೀನಿ. ನೀನು ಹತ್ತಬೇಡ."

ಅವಳ ಬಾಗಿಲು ಎಳೆದುಕೊಂಡು ಬಂದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.