ಹದಿನೆಂಟು ಚಹಾ ಕಪ್ಪುಗಳು ತೊಳೆಯಲ್ಪಟ್ಟವು

ಗೋಕಾಕದ ಕೋಚಿಂಗ್ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸರ್ ದಿನಕ್ಕೆ ಐದು ವಾಕ್ಯಗಳ ಹೋಮ್‌ವರ್ಕ್ ಕೊಡುತ್ತಿದ್ದರು. ಪ್ರತಿ ವಾಕ್ಯದಲ್ಲಿ ಒಂದು ಸಂಖ್ಯೆ ಇರಬೇಕು, ಎರಡು ಪದ ಕೂಡಿ ಆದ ಒಂದು ವಸ್ತುವಿನ ಹೆಸರು ಇರಬೇಕು. ಕೆಲಸ ಮಾಡಿದವರ ಹೆಸರು ಮಾತ್ರ ಇರಬಾರದು. ‘ತ್ರೀ ವಾಟರ್ ಟ್ಯಾಂಕ್ಸ್ ವರ್ ಕ್ಲೀನ್ಡ್’ ಎಂದು ಬೋರ್ಡಿನ ಮೇಲೆ ಬರೆದು ನಮ್ಮ ಕಡೆ ತಿರುಗುತ್ತಿದ್ದರು.

“ಯಾರ್ ತೊಳದ್ರು ಅಂತ ಕೇಳಬ್ಯಾಡ್ರಿ. ಸ್ವಚ್ಛ ಆದ್ವು ಹೌದಿಲ್ಲೋ? ಅಷ್ಟ ಸಾಕು. ವಾಕ್ಯ ನಿಮ್ಮ ಮನಿಯೊಳಗಿಂದ ತರ್ರಿ, ಗೈಡಿನ್ಯಾಗಿಂದ ಬ್ಯಾಡ.”

ನಾನು ಹುಕ್ಕೇರಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಯಾವ ಬಸ್ಸು, ಎಷ್ಟು ಹೊತ್ತಿಗೆ ಬಂತು, ಸೀಟು ಸಿಕ್ಕಿತೋ ಇಲ್ಲವೋ ಎಂದು ಡೈರಿಯಲ್ಲಿ ಬರೆದಿಡುವ ರೂಢಿ ಮೊದಲಿನಿಂದಲೂ ಇತ್ತು. ಆದ್ದರಿಂದ ವಾಕ್ಯಗಳಿಗಾಗಿ ಹುಡುಕಾಡಬೇಕಾಗಲಿಲ್ಲ. ಕ್ಲರ್ಕ್ ಹುದ್ದೆಯ ಪರೀಕ್ಷೆಗೆ ಅದು ನನ್ನ ಎರಡನೆಯ ಸಲ. ಮೊದಲ ಸಲ ಇಂಗ್ಲಿಷಿನಲ್ಲೇ ಬಿದ್ದಿದ್ದೆ. ಈ ಸಲ ಬೀಳುವುದಿಲ್ಲ ಎಂದು ನನಗೂ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು.

ಅಷ್ಟರಲ್ಲಿ ಹತ್ತರಗಿಯ ನನ್ನ ಸೋದರಮಾವ ಮೂಡಲಗಿಯ ಒಂದು ಸಂಬಂಧ ತಂದ. ಕಬ್ಬಿನ ಹೊಲ, ಸ್ವಂತ ಟ್ರ್ಯಾಕ್ಟರ್, ಒಬ್ಬನೇ ಮಗ. ನೋಡಲು ಒಂಬತ್ತು ಜನ ಬಂದರು. ನಾನು ಚಾಪೆಯ ಮೇಲೆ ಕುಳಿತೆ, ಹೆಸರು ಹೇಳಿದೆ, ಎದ್ದು ಒಳಗೆ ಹೋಗಿ ಬಂದೆ.

“ಇಂಗ್ಲಿಷ್ ಕಲಿಯಾಕತ್ತಾಳಂತ,” ಎಂದಳು ಹುಡುಗನ ತಾಯಿ. “ನಮ್ಮ ಎಮ್ಮಿಗೆ ಕನ್ನಡಾನ ತಿಳಿಯೂದಿಲ್ಲವ್ವಾ, ಹಾಲ್ ಹೆಂಗ ಹಿಂಡ್ತಿ?”

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಕೆಟ್ಟ ನಗೆಯಲ್ಲ. ನಾನು ಕಪ್ಪುಗಳನ್ನು ಒಳಗೆ ಒಯ್ದೆ.

ನಿಶ್ಚಯಕ್ಕೆ ಅವರು ಹೇಳಿಕಳಿಸಿದ ರವಿವಾರವೇ ನನ್ನ ಪರೀಕ್ಷೆಯ ರವಿವಾರವಾಗಿತ್ತು. ಹಾಲ್ ಟಿಕೆಟ್ ತೋರಿಸಿದೆ. ಅವ್ವ ಅದನ್ನು ಕೈಯಲ್ಲಿ ಹಿಡಿದು ಫೋಟೋ ನೋಡಿದಳು.

“ಪರೀಕ್ಷಾ ವರ್ಷಾ ಬರ್ತಾವು. ಇಂಥಾ ಮನಿ ಬರೂದಿಲ್ಲ.”

“ದಿನ ಬದಲಿ ಮಾಡಾಕ ಬರೂದಿಲ್ಲೇನು?” ಎಂದೆ.

“ಗಂಡಿನವ್ರಿಗೆ ಹಂಗೆಲ್ಲಾ ಹೇಳಾಕ ಬರ್ತೈತೇನ?” ಎಂದ ಮಾಮಾ. “ಮದಿವಿ ಆದ ಮ್ಯಾಲ ಬರಿಯವಾ. ಯಾರ್ ಬ್ಯಾಡಂತಾರ?”

ಅಪ್ಪ ಎದ್ದು ಹೊರಗೆ ಹೋಗಿ ಕುಳಿತ. ನಾನು ಅಳಲಿಲ್ಲ, ಜಗಳವಾಡಲೂ ಇಲ್ಲ. ಅಂದಿನ ವಾಕ್ಯಗಳಲ್ಲಿ ಒಂದು: ‘ಒನ್ ಹಾಲ್ ಟಿಕೆಟ್ ವಾಸ್ ಫೋಲ್ಡೆಡ್.’

ರವಿವಾರ ಹತ್ತು ಗಂಟೆಗೆ ಮೂಡಲಗಿಯ ಎರಡು ಜೀಪು ಬಂದವು. ಒಳಗೆ ಹುಗ್ಗಿ ಕುದಿಯುತ್ತಿತ್ತು. ನಮ್ಮಲ್ಲಿ ಹುಡುಗಿಯ ಬಾಯಿಗೆ ಸಕ್ಕರೆ ಹಾಕುವ ಮೊದಲು ಎರಡೂ ಮನೆಯ ಹಿರಿಯರು ತಮ್ಮ ಬೆಡಗು ಹೇಳಬೇಕು. ಬೆಡಗೆಂದರೆ ವಂಶದ ಮೂಲ. ಒಂದೇ ಬೆಡಗಿನವರು ಎಷ್ಟೇ ದೂರದವರಾದರೂ ಅಣ್ಣತಂಗಿಯರೇ. ಅವರಲ್ಲಿ ಮದುವೆ ಇಲ್ಲ. ಸಂಬಂಧ ನೋಡುವಾಗ ಮೊದಲು ಕೇಳುವ ಮಾತೇ ಅದು. ನಿಶ್ಚಯದ ದಿನ ಹೇಳುವುದು ಬರೀ ಶಾಸ್ತ್ರಕ್ಕೆ.

ಅಪ್ಪ ನಮ್ಮ ಬೆಡಗು ಹೇಳಿದ. ಹುಡುಗನ ಕಾಕಾ ಬಾಯಿ ತೆರೆದವನು ಹಾಗೇ ನಿಂತ. ಆಮೇಲೆ ಸಣ್ಣ ದನಿಯಲ್ಲಿ ಅದನ್ನೇ ಹೇಳಿದ.

“ಏನಂದ್ರಿ?” ಎಂದರು ನಿಶ್ಚಯ ಮಾಡಿಸಲು ಬಂದಿದ್ದ ಸ್ವಾಮಿಗಳು.

“ಅದ ರೀ. ಅವ್ರು ಅಂದದ್ದ.”

ಎಲ್ಲರೂ ಮಾಮಾನ ಕಡೆ ತಿರುಗಿದರು. “ನಾ ಏನ್ ಮಾಡ್ಲಿ? ಅಡ್ಡಹೆಸರು ಬ್ಯಾರೆ ಬ್ಯಾರೆ ಇದ್ವು. ನೀವ ಕೇಳೀರಿ ಅನ್ಕೊಂಡೆ!”

“ನಡುವ ನಿಂತಾವ ನೀನೋ, ನಾವೋ?” ಎಂದ ಕಾಕಾ. “ಸಂಕೇಶ್ವರದ ಫ್ಯಾಕ್ಟರಿ ಮುಂದ ಕಬ್ಬಿನ ಗಾಡಿ ಪಾಳೇದಾಗ ನನ್ನ ಬಾಜೂ ಕುಂತು ಎಷ್ಟ್ ಚಹಾ ಕುಡದೀಯೋ ಮಾರಾಯಾ! ಕಬ್ಬಿನ ತಳಿ ಕೇಳಿದಿ, ಬೆಡಗ ಕೇಳಲಿಲ್ಲ.”

ಯಾರೋ ನಕ್ಕು, ತಟ್ಟನೆ ನಿಲ್ಲಿಸಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಹನ್ನೊಂದೂವರೆ. ಪರೀಕ್ಷೆಯಲ್ಲಿ ಇಂಗ್ಲಿಷ್ ಭಾಗ ಮುಗಿದಿರುವ ಹೊತ್ತು. ಏನೂ ಅನಿಸಲಿಲ್ಲ. ಹೊಸ ಬಳೆಗಳು ಬಿಗಿಯಾಗಿದ್ದವು ಎಂಬುದು ಮಾತ್ರ ನೆನಪಿದೆ.

ಹುಗ್ಗಿ ಆಗಿತ್ತು, ಆದ್ದರಿಂದ ಎಲ್ಲರೂ ಉಂಡರು. ಹೊರಡುವಾಗ ಹುಡುಗನ ತಾಯಿ ತಂದ ರೇಷ್ಮೆ ಸೀರೆಯನ್ನು ನನ್ನ ಉಡಿಯಲ್ಲೇ ಇಟ್ಟಳು. “ತಂದದ್ದ ತಿರುಗಿ ಒಯ್ಯೂದಿಲ್ಲವಾ. ಸೊಸಿ ಆಗ್ಲಿಲ್ಲ, ಮಗಳಾದಿ.” ಹುಡುಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, “ಬರ್ತೇನ ತಂಗಿ” ಎಂದ.

ಸೋಮವಾರ ಕ್ಲಾಸಿಗೆ ಹೋದೆ.

“ಪೇಪರ್ ಹೆಂಗಿತ್ತು?” ಎಂದರು ಸರ್.

“ಹೋಗ್ಲಿಲ್ಲರಿ.”

ಅವರು ಹೋಮ್‌ವರ್ಕ್ ಕೇಳಿದರು. ‘ಏಯ್ಟೀನ್ ಟೀ ಕಪ್ಸ್ ವರ್ ವಾಶ್ಡ್. ಒನ್ ಸಿಲ್ಕ್ ಸಾರಿ ವಾಸ್ ಗಿವನ್.’ ಐದಕ್ಕೂ ಸರಿ ಗುರುತು ಹಾಕಿ, “ಬರೋಬರಿ ಅದಾವ” ಎಂದು ಪುಸ್ತಕ ಮರಳಿಸಿದರು.

ನಂತರದ ತಿಂಗಳುಗಳ ಡೈರಿಯಲ್ಲಿ ಬಸ್ಸಿನ ಹೊತ್ತು ಬಿಟ್ಟರೆ ಹೆಚ್ಚೇನೂ ಇಲ್ಲ.

ನಾಗರ ಪಂಚಮಿಗೆ ಮೂಡಲಗಿಯ ಆ ಹುಡುಗ ಬೈಕಿನ ಮೇಲೆ ಬಂದ. ಅಣ್ಣಂದಿರು ತಂಗಿಯರಿಗೆ ಉಂಡಿ ತರುವ ಹಬ್ಬ. ಅವನ ತಾಯಿ ಒಂದು ಡಬ್ಬಿ ತುಂಬ ಶೇಂಗಾದ ಉಂಡಿ, ಎಳ್ಳಿನ ಉಂಡಿ ಕಳಿಸಿದ್ದಳು. ಚಹಾ ಕುಡಿಯುತ್ತ ಮಾತಿಗೆಂದು ಕೇಳಿದ: “ಅದೇನೋ ಪರೀಕ್ಷಾ ಬರೀತಿದ್ದಿ ಅಲ್ಲವಾ, ಏನಾತು?”

“ಅವತ್ತ ಇತ್ತು. ನೀವು ಬಂದ ರವಿವಾರ.”

ಅವನು ಕಪ್ಪು ಕೆಳಗಿಟ್ಟ. “ನಮಗ ಯಾರೂ ಹೇಳಲಿಲ್ಲಲ್ಲ! ಮುಂದಿನ ರವಿವಾರ ಬರತಿದ್ವಿ. ನಮಗೇನ್ ಅವಸರ ಇತ್ತು?”

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನು ಹೋದ ಮೇಲೆ ಕ್ಯಾಲೆಂಡರ್ ಕೆಳಗಿಳಿಸಿ ನನ್ನ ಮುಂದೆ ಹಿಡಿದಳು.

“ಇನ್ನೊಂದ ಯಾವಾಗೈತಿ?”

ನಾನು ಬೆರಳಿಟ್ಟು ತೋರಿಸಿದೆ. ಅವಳು ಕುಂಕುಮದಿಂದ ಅಲ್ಲಿ ಒಂದು ಬೊಟ್ಟು ಇಟ್ಟು, ಹೊರಗೆ ಕುಳಿತಿದ್ದ ಅಪ್ಪನಿಗೆ ಕೂಗಿ ಹೇಳಿದಳು: “ಈ ರವಿವಾರ ಯಾರೂ ಬರೂದ ಬ್ಯಾಡ. ನನ್ನ ತಮ್ಮಗ ಮೊದಲ ಹೇಳ್ರಿ.”

ನಾನು ಕಪ್ಪುಗಳನ್ನು ಎತ್ತಿಕೊಳ್ಳಲು ಬಾಗಿದೆ.

“ಇರ್ಲಿ ಬಿಡು,” ಎಂದಳು ಅವ್ವ. ಕಪ್ಪುಗಳನ್ನು ತಾನೇ ಎತ್ತಿಕೊಂಡು ಹಿತ್ತಲಿಗೆ ಹೋದಳು.